ಕೆಳಗಿನವರ ಗೇಣು

ಡಿಸೆಂಬರ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಮರ್ಕಂಜದ ನಮ್ಮ ಹೊಳೆಯ ಕಿಂಡಿ ಅಣೆಕಟ್ಟು. ಹಾಜರಿದ್ದವರು: ಮೇಲಿನ ತೋಟದ ಸೋಮಪ್ಪ, ಅವನ ಕಡೆಯ ಐದು ಮಂದಿ, ಹೊಳೆಯ ಕೆಳಕೊನೆಯ ಆಯಿಶಮ್ಮ, ನೀರಿನ ಸಮಿತಿಯ ಕಾರ್ಯದರ್ಶಿಯಾದ ನಾನು. ಶಾಲೆಯಲ್ಲಿ ಸೀಟಿ ಊದಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿಯೇ ನಿವೃತ್ತನಾದವನು ನಾನು. ಹಾಜರಿ ಹಾಕದೆ ಯಾವುದನ್ನೂ ಆರಂಭಿಸಲು ಬರುವುದಿಲ್ಲ, ಕ್ಷಮಿಸಿ.

ಕಿಂಡಿಗೆ ಇಳಿಸುವ ಹಲಗೆಗಳನ್ನು ಶೆಡ್ಡಿನಿಂದ ಎಳೆದಾಗ ಹಳೆಯ ಕೆಸರಿನ ವಾಸನೆ ಬಂತು. ಆ ವಾಸನೆಗೆ ನನಗೆ ಮೊಯ್ದು ಬ್ಯಾರಿಗಳ ಕೈ ನೆನಪಾಗುತ್ತದೆ. ಅವರು ಆಯಿಶಮ್ಮನ ಮಾವ.

ಕಾಂಕ್ರೀಟು ಬರುವ ಮೊದಲು ನಾವೇ ಪ್ರತಿವರ್ಷ ಕಲ್ಲು, ಅಡಿಕೆ ಮರ, ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದೆವು. ಕೊನೆಯಲ್ಲಿ ಒಂದು ಸಂದು ಬಿಡಬೇಕು, ಕೆಳಗಿನವರಿಗೆ ನೀರು ಹೋಗಲು. ಅದರ ಅಗಲ ಎಷ್ಟು? ಎಲ್ಲರಿಗಿಂತ ಕೆಳಗಿನ ತೋಟದವನು ಸ್ವತಃ ಬಂದು ಕೈ ಅಗಲಿಸಿ ಇಡಬೇಕು. ಅವನ ಗೇಣು ಎಷ್ಟೋ ಅಷ್ಟು. ಮೊಯ್ದು ಬ್ಯಾರಿಗಳದ್ದು ಹಲಸಿನ ಎಲೆಯ ಗೊಂಚಲಿನಂಥ ಕೈ.

“ಬ್ಯಾರಿಗಳೇ, ಅದು ಕೈಯಾ, ಮೊರವಾ?” ಎಂದು ನನ್ನ ಅಪ್ಪಯ್ಯ ಕೆಣಕುತ್ತಿದ್ದರು.

“ದೇವರು ಕೊಟ್ಟದ್ದು ಮಾರಾಯ್ರೆ. ನಿಮ್ಮ ತೋಟ ಕೆಳಗೆ ಬರ್ಲಿ, ನಿಮ್ಮ ಕೈ ಇಡುವ!”

ಅಪ್ಪಯ್ಯ ನಗುತ್ತಲೇ ಅಷ್ಟಗಲ ಸಂದು ಬಿಡುತ್ತಿದ್ದರು. ಒಂದು ಬೆರಳಷ್ಟೂ ಕಡಿಮೆ ಮಾಡಿದ್ದನ್ನು ನಾನು ನೋಡಿಲ್ಲ.

ಈಗಿನ ಅಣೆಕಟ್ಟಿಗೆ ಸಂದು ಇಲ್ಲ. ಹಲಗೆ ಇಳಿಸಿ, ಸೋರುವಲ್ಲೆಲ್ಲ ಪ್ಲಾಸ್ಟಿಕ್ ತುರುಕಿ ಮೇಲಿನವರು ಪಂಪು ಇಡುತ್ತಾರೆ. ಅವರ ವಾದಗಳನ್ನು ಕೇಳಬೇಕು ನೀವು! ನಿಂತ ನೀರು ಇಂಗಿ ಎಲ್ಲರ ಬಾವಿಯೂ ತುಂಬುತ್ತದಂತೆ. ಅಣೆಕಟ್ಟಿಗೆ ಜಾಗ ಕೊಟ್ಟವರಿಗೇ ಮೊದಲ ಹಕ್ಕಂತೆ. ಕೆಳಗಿನವರು ಬೋರು ಹೊಡೆಸಲಿ ಅಂತೆ. ಕಳೆದ ಮಾರ್ಚಿನಲ್ಲಿ ಆಯಿಶಮ್ಮನ ಬಾವಿಯ ತಳದ ಕಲ್ಲು ಕಂಡಿತು. ತೋಟದ ಅರ್ಧ ಸತ್ತಿತು. ಯಾವ ನೀರು ಎಲ್ಲಿಗೆ ಇಂಗಿತೋ ನನಗಂತೂ ತಿಳಿಯದು.

ನನ್ನ ಸಿಟ್ಟು ಸೋಮಪ್ಪನ ಮೇಲೆ ಮಾತ್ರವಲ್ಲ. ಕಳೆದ ವರ್ಷ ಹಲಗೆ ಇಳಿಸುವ ದಿನ ಆಯಿಶಮ್ಮ ಒಂಬತ್ತೂ ಕಾಲಿಗೆ ಏದುಸಿರು ಬಿಡುತ್ತ ಬಂದಿದ್ದರು. ನಾನು ಅಷ್ಟರಲ್ಲಿ ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದು ಬರೆದು ಪುಸ್ತಕ ಮುಚ್ಚಿ, “ಒಂಬತ್ತು ಅಂದರೆ ಒಂಬತ್ತು” ಎಂದಿದ್ದೆ. ಆಕೆ ಬಂದ ದಾರಿಯಲ್ಲೇ ಇಳಿದು ಹೋದರು. ನನ್ನ ಶಿಸ್ತು ಎಷ್ಟು ಚೆನ್ನಾಗಿ ಕೆಲಸ ಮಾಡಿತು, ನೋಡಿ.

ಈ ಸಲ ಆಕೆ ಎಲ್ಲರಿಗಿಂತ ಮೊದಲೇ ಬಂದು ಕಲ್ಲಿನ ಮೇಲೆ ಕೂತಿದ್ದರು.

“ಸುರು ಮಾಡುವನಾ ಮಾಷ್ಟ್ರೆ?” ಎಂದ ಸೋಮಪ್ಪ.

“ಒಂದು ಹಲಗೆಯಲ್ಲಿ ಸಂದು ಕೊಯ್ಯಲಿಕ್ಕುಂಟು.”

“ಎಂತದು? ಸರಕಾರದ ಹಲಗೆ ಮುಟ್ಟಿದ್ರೆ ಕೇಸು!”

“ಸರಕಾರದ್ದೊಂದು ಹಲಗೆ ಮಳೆಗೆ ಹೋಯ್ತಲ್ಲ, ಅದರ ಬದಲಿಗೆ ನಾನು ಹಲಸಿನದ್ದು ಮಾಡಿಸಿದ್ದೇನೆ. ಇದು ನನ್ನ ಹಲಗೆ.”

“ನಾಳೆ ಪಂಚಾಯತಿಗೆ ಅರ್ಜಿ ಕೊಡ್ತೇನೆ.”

“ಕೊಡು. ಹತ್ತು ಗಂಟೆಗೆ ತೆರೀತಾರೆ.”

ಆಯಿಶಮ್ಮನನ್ನು ಕರೆದು ಕೈ ಇಡಲು ಹೇಳಿದೆ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಹಲಗೆಯ ಮೇಲೆ ಅಗಲಿಸಿದರು. ಮೊಯ್ದು ಬ್ಯಾರಿಗಳ ಗೇಣಿನ ಅರ್ಧಕ್ಕಿಂತ ತುಸು ಹೆಚ್ಚು.

“ನನ್ನ ಕೈ ಸಣ್ಣದು ಮಾಷ್ಟ್ರೆ,” ಎಂದರು, ತಪ್ಪು ಮಾಡಿದವರಂತೆ.

“ಕಳೆದ ವರ್ಷದ್ದೂ ಬಾಕಿ ಉಂಟಲ್ಲ. ಎರಡು ಸಲ ಇಡಿ.”

ಯಾರೂ ನಗಲಿಲ್ಲ. ಪೆನ್ಸಿಲಿನಲ್ಲಿ ಗೆರೆ ಎಳೆದೆ, ಮನೆಯಿಂದ ತಂದ ಗರಗಸದಲ್ಲಿ ಕೊಯ್ದೆ. ಸೋಮಪ್ಪ ಕೈಕಟ್ಟಿ ನಿಂತೇ ಇದ್ದ. ಹಲಗೆ ಇಳಿಸಿದ ಮೇಲೆ ನೀರು ಆ ಸಂದಿನಿಂದ ಕೆಳಕ್ಕೆ ಧುಮುಕಿತು. ಆಯಿಶಮ್ಮ ಅದರ ಜೊತೆಗೇ ದಡದಲ್ಲಿ ಇಳಿದು ಹೋದರು, ತಿರುಗಿ ನೋಡಲಿಲ್ಲ.

ಮನೆಗೆ ಬಂದು ಕಳೆದ ವರ್ಷದ ಪುಟ ತೆರೆದೆ. ‘ಸರ್ವಾನುಮತದಿಂದ’ ಎಂಬುದನ್ನು ಸ್ಕೇಲು ಇಟ್ಟು ಹೊಡೆದುಹಾಕಿ, ಪಕ್ಕದಲ್ಲಿ ‘ಆಯಿಶಮ್ಮ ಬಂದಿದ್ದರು, ಕೇಳಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಗರಗಸಕ್ಕೆ ಎಣ್ಣೆ ಹಚ್ಚಿ ಮೊಳೆಗೆ ತೂಗುಹಾಕಿದಾಗ ಗಂಟೆ ಐದು.