ಮುದ್ದೆಯ ನಡುವೆ ಬೀಟ್‌ರೂಟ್

ನನಗೆ ಮೂಗಿನ ತುದಿಯಲ್ಲೇ ಕೋಪ. ಹಿರೇನಲ್ಲೂರು ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಡಂ. ಆ ವರ್ಷ ನನ್ನನ್ನು ರೇಗಿಸುವುದಕ್ಕೆ ಒಂಬತ್ತನೇ ತರಗತಿಯ ಒಬ್ಬಳೇ ಹುಡುಗಿ ಸಾಕಾಗಿದ್ದಳು. ಬರೆಯಲು ಕೊಟ್ಟರೆ ಎಲ್ಲವೂ ಸರಿ, ಎಬ್ಬಿಸಿ ನಿಲ್ಲಿಸಿ ಕೇಳಿದರೆ ಬಾಯಿಗೆ ಬೀಗ. ಮನೆಯಲ್ಲಿ ಮಾತ್ರ ಅರಳು ಹುರಿದಂತೆ ಮಾತಂತೆ. ಅವಳ ತಾಯಿ ಒಂದು ದಿನ ಶಾಲೆಗೇ ಬಂದರು.

"ಬಹುಮಾನ ಗಿಹುಮಾನ ಏನೂ ಬ್ಯಾಡ ಕಣ್ರೀ ಮಿಸ್. ನಾಲ್ಕು ಜನದ ಮುಂದೆ ಬಾಯಿ ಬಿಟ್ರೆ ಸಾಕು. ಹಿಂಗೇ ಆದ್ರೆ ಮುಂದೆ ಹೆಂಗೆ ಬಾಳ್ತಾಳೆ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕಡೂರಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಬೇಕೆಂದೇ ಅವಳನ್ನು ಆರಿಸಿದೆ. ಭೂಮಿಯ ಒಳಪದರಗಳ ಮಾದರಿ ಮಾಡಬೇಕು, ವಿವರಣೆಯೂ ಅವಳದೇ. ಥರ್ಮೊಕೋಲ್ ಉಂಡೆಗೆ ಬಣ್ಣ ಬಳಿದು ತರುತ್ತಾಳೆ ಎಂದುಕೊಂಡಿದ್ದರೆ, ಬಸ್‌ಸ್ಟಾಂಡಿಗೆ ಹಾಟ್‌ಬಾಕ್ಸ್ ಅಪ್ಪಿಕೊಂಡು ಬಂದಳು. ಒಳಗೆ ತೆಂಗಿನಕಾಯಿ ಗಾತ್ರದ ರಾಗಿಮುದ್ದೆ. ಕಳಿಸಲು ಬಂದಿದ್ದ ತಾಯಿ, "ಇವಳದೇ ಐಡಿಯಾ ಮಿಸ್. ನಡುವೆ ಬೇಯಿಸಿದ ಬೀಟ್‌ರೂಟ್ ಇಟ್ಟು ಕಟ್ಟಿದೀನಿ. ಅದೇನೋ ಕೇಂದ್ರಗೋಳವಂತೆ" ಎಂದರು.

"ಏನೇ, ಪ್ರದರ್ಶನಕ್ಕೆ ಹೊರಟಿದೀವೋ ಊಟಕ್ಕೆ ಹೊರಟಿದೀವೋ?" ಎಂದು ರೇಗಿದೆ. ಅವಳು ಯಥಾಪ್ರಕಾರ ನೆಲ ನೋಡಿದಳು. ಬೇರೆ ಮಾಡಿಸುವಷ್ಟು ಹೊತ್ತಿರಲಿಲ್ಲ, ಬಸ್ ಹತ್ತಿದೆವು.

ತೀರ್ಪುಗಾರರು ನಮ್ಮ ಮೇಜಿಗೆ ಬರುವಷ್ಟರಲ್ಲಿ ತಟ್ಟೆಯ ಮೇಲಿನ ಮುದ್ದೆಗೆ ತೆಳ್ಳನೆಯ ಪೊರೆ ಕಟ್ಟಿತ್ತು, ಬುಡ ಕೊಂಚ ಅಗಲವಾಗಿ ಕೂತಿತ್ತು. ಅವರು ಕರಾವಳಿಯ ಕಡೆಯವರು, ಅನ್ನ ಉಣ್ಣುವ ಜನ. "ಏನಮ್ಮ ಇದು?" ಎಂದರು. ಅವಳು ತಟ್ಟೆಯನ್ನು ಅವರ ಕಡೆಗೆ ಸರಿಸಿದಳು, ಅಷ್ಟೇ. ಮತ್ತೆ ಕೇಳಿದರು. ಅವಳ ಕಣ್ಣು ತುಂಬಿತು. ನಾನೇ ಹೇಳಿಬಿಡಲೇ ಎನ್ನಿಸಿ, ಆ ತಾಯಿ ನೆನಪಾಗಿ ತುಟಿ ಕಚ್ಚಿಕೊಂಡೆ.

ಅವರು ಒಳಗೇನಿದೆ ನೋಡೋಣವೆಂದು ಎರಡು ಬೆರಳನ್ನು ನೇರ ಮುದ್ದೆಯ ನಡುವಿಗೇ ಇಳಿಸಿಬಿಟ್ಟರು. ನಮ್ಮ ಕಡೆ ಹಾಲುಹಲ್ಲಿನ ಮಗುವೂ ಹಾಗೆ ಮಾಡುವುದಿಲ್ಲ. "ಅಯ್ಯಪ್ಪಾ" ಎಂದು ಕೈ ಕಿತ್ತುಕೊಂಡರು.

"ನಡುವಿಗೆ ಕೈ ಹಾಕ್ತಾರಾ ಸರ್? ಅಂಚಿಂದ ಮುರೀಬೇಕು. ಅಂಚು ಮೊದ್ಲು ಆರಿರ್ತೈತೆ."

ಯಾರು ಮಾತಾಡಿದ್ದೆಂದು ನಾನು ಹಿಂದೆ ತಿರುಗಿ ನೋಡಿದೆ. ಅವಳೇ. ತನ್ನ ನೀರಿನ ಬಾಟಲಿಯಿಂದ ಅವರ ಬೆರಳಿಗೆ ನೀರು ಹನಿಸುತ್ತಿದ್ದಳು.

"ಬೆಳಗ್ಗೆ ಮಾಡಿದ್ದು, ಒಳಗಿನ್ನೂ ಯಾಕಮ್ಮ ಇಷ್ಟು ಬಿಸಿ?" ಎಂದರು ಅವರು.

"ಬಿಸಿ ಹೊರಗೆ ಬರೋಕೆ ಹೊತ್ತು ಹಿಡೀತೈತೆ ಸರ್. ಮುದ್ದೆ ದೊಡ್ಡದಾದಷ್ಟೂ ನಿಧಾನ. ಭೂಮಿ ಅಂದ್ರೆ ಇನ್ನೆಷ್ಟು ದೊಡ್ಡದು. ಅದೂ ಅಲ್ದೆ ಅದರ ಕಲ್ಲೊಳಗೇ ಬಿಸಿ ಹುಟ್ತಾನೂ ಇರ್ತೈತೆ, ಮುದ್ದೆಗೆ ಅದಿಲ್ಲ. ಈ ಪೊರೆ ಐತಲ್ಲ, ಇದು ನಾವಿರೋ ಭೂಕವಚ. ಕೆಳಗಿಂದು ಮ್ಯಾಂಟಲ್. ಬುಡ ನೋಡಿ, ಗಟ್ಟಿನೇ, ಆದ್ರೂ ಮೆಲ್ಲಗೆ ಜರುಗೈತೆ. ಮ್ಯಾಂಟಲ್ಲೂ ಹಂಗೇ. ತಳದಲ್ಲಿ ಕಾದಿದ್ದು ಮೇಲೆ ಬತ್ತೈತೆ, ಮೇಲೆ ಆರಿದ್ದು ಕೆಳಗಿಳೀತೈತೆ. ಕೋಟಿಗಟ್ಟಲೆ ವರ್ಷ ಬೇಕು ಅಷ್ಟೇ."

ಅವರು ಇನ್ನೂ ಏನೇನೋ ಕೇಳಿದರು. ಅವಳು ಅಂಚಿನಿಂದ ಮುರಿಯುತ್ತ ಬೀಟ್‌ರೂಟಿನವರೆಗೂ ಕರೆದುಕೊಂಡು ಹೋದಳು.

ಬಹುಮಾನ ತರೀಕೆರೆಯ ಒಂದು ಶಾಲೆಯ ಜ್ವಾಲಾಮುಖಿಗೆ ಹೋಯ್ತು. ಅಡುಗೆ ಸೋಡಾದ ನೊರೆಗೆ ಬಹುಮಾನವಂತೆ; ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹುಡುಗಿಗೆ ಅದರ ಗೊಡವೆಯೇ ಇರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕಿವಿ ತಿಂದಳು. ತಲೆನೋವು ಬಂದರೂ ಸುಮ್ಮನಿರು ಎನ್ನಲು ಮನಸ್ಸಾಗಲಿಲ್ಲ.

ಬಸ್‌ಸ್ಟಾಂಡಿನಲ್ಲಿ ತಾಯಿ ಕಾಯುತ್ತಿದ್ದರು. ಮಗಳನ್ನು ನೋಡದೆ ನನ್ನ ಮುಖವನ್ನೇ ನೋಡುತ್ತ, "ಮಾತಾಡಿದ್ಲಾ ಮಿಸ್?" ಎಂದರು.

ನಾನು ಹೇಳಬೇಕೆಂದು ಬಾಯಿ ತೆರೆದೆ. ಅವಳು ಬಿಡಲಿಲ್ಲ. "ಮಿಸ್, ನೀವು ಸುಮ್ನಿರಿ, ನಾನ್ ಹೇಳ್ತೀನಿ" ಎಂದಳು.