ಮುಂದಿನ ಚಕ್ರದ ಲಾಕು

ಆ ದಿನ ನಮ್ಮ ಯಜಮಾನರು ಪಿಕಪ್ಪಿನ ಅಡಿಯಲ್ಲಿ ಅಂಗಾತ ಮಲಗಿ ಮುಂದಿನ ಆಕ್ಸಲ್ಲಿನ ಎಣ್ಣೆ ಇಳಿಸುತ್ತಿದ್ದರು. ಹಳ್ಳ ದಾಟುವಾಗ ನೀರು ಸೇರಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿತ್ತು. ನಾನು ಪಕ್ಕದಲ್ಲಿ ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕುಳಿತಿದ್ದೆ.

“ಬೆಳಕು ನನ್ನ ಮುಖಕ್ಕೆ ಯಾಕೆ ಬಿಡ್ತೀಯ? ಮದುವೇಲಿ ನೋಡಿದ್ದು ಸಾಲದಾ?”

“ಆವತ್ತು ಸರಿಯಾಗಿ ಕಂಡಿದ್ರೆ ನಾನು ಒಪ್ತಾನೇ ಇರ್ಲಿಲ್ಲ ಬಿಡಿ.”

ನಕ್ಕರು. ಬಾಯಿಗೆ ಎಣ್ಣೆ ಬಿತ್ತು. ಉಗಿದು ಮತ್ತೆ ನಕ್ಕರು.

ಮರುದಿನ ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವರು ಮೇಲೇಳಲಿಲ್ಲ. ಎದೆಬಡಿತ ನಿಂತುಹೋಗಿತ್ತು.

ಬೆಟ್ಟದ ಮೇಲಿನ ಕಲ್ಲುಕ್ವಾರಿಗೆ ಕುಡಿಯುವ ನೀರು, ದಿನಸಿ, ಗ್ಯಾಸು ಮುಟ್ಟಿಸುವುದು ಅವರ ಕೆಲಸವಾಗಿತ್ತು. ಕೊನೆಯ ಏರು ಬರೀ ಜಲ್ಲಿಪುಡಿ. ನಾಲ್ಕೂ ಚಕ್ರ ಎಳೆಯದಿದ್ದರೆ ಗಾಡಿ ಅಲ್ಲೇ ಹೂತುಕೊಳ್ಳುತ್ತದೆ. ಮುಂದಿನ ಚಕ್ರಗಳ ಲಾಕು ಹಾಕಲು ದಿನಾ ಡಾಂಬರು ಮುಗಿಯುವಲ್ಲಿ ಇಳಿಯುತ್ತಿದ್ದ ಅವರನ್ನು ಕ್ವಾರಿಯವರು ನಿಧಾನಪ್ಪ ಎನ್ನುತ್ತಿದ್ದರು. ಅದಕ್ಕೆಲ್ಲ ಅವರು ತಲೆ ಕೆಡಿಸಿಕೊಂಡವರಲ್ಲ. ಯಾರಾದರೂ ಡಾಂಬರಿನ ಮೇಲೆ ಫೋರ್‌ವೀಲ್ ಹಾಕಿದರೆ ಮಾತ್ರ ಮೈಮೇಲೆ ಬಂದಂತೆ ಕೂಗಾಡುತ್ತಿದ್ದರು. ಗಟ್ಟಿ ನೆಲದಲ್ಲಿ ಚಕ್ರ ಜಾರುವುದಿಲ್ಲ, ಒಳಗಿನ ಗೇರಿನ ಹಲ್ಲುಗಳು ಬಿಗಿದುಕೊಳ್ಳುತ್ತವೆ ಎಂದು ನನಗೂ ಬೈದೇ ಕಲಿಸಿದ್ದು. ಓಡಿಸುವುದನ್ನು ಕಲಿಸಿದ್ದೂ ಹಾಗೆಯೇ.

ಮಣ್ಣು ಮಾಡಿ ಬಂದ ಮೇಲೆ ಕೆಲವು ದಿನ ಗಾಡಿ ನಿಂತೇ ಇತ್ತು. ಆಮೇಲೆ ನಾನೇ ನೀರು ತುಂಬಿಕೊಂಡು ಹೊರಟೆ. ಏರಿನಲ್ಲಿ ಹಿಂದಿನ ಚಕ್ರ ಗಿರಗಿರ ತಿರುಗಿ ಗುಂಡಿ ತೋಡಿತು. ಲಾಕು ತಿರುಗಿಸಿ ಫೋರ್‌ವೀಲ್ ಹಾಕಿದ್ದರೂ ಮುಂದಿನವು ಸುಮ್ಮನಿದ್ದವು. ಕ್ವಾರಿಯ ಮೇಸ್ತ್ರಿ ಇಳಿದು ಬಂದರು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀರಿಲ್ದೆ ಜನ ನಿಲ್ಲಲ್ಲ. ನಾಳೆ ಗಾಡಿ ಮೇಲೆ ಬರ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಹೇಳ್ಬೇಕಾಗುತ್ತೆ.”

“ಬರುತ್ತೆ,” ಎಂದೆ. ಹೇಗೆ ಎಂದು ಆಗ ಗೊತ್ತಿರಲಿಲ್ಲ.

ಗಾಡಿಯನ್ನು ಹಿಂದಕ್ಕೆ ಇಳಿಸಿಕೊಂಡು ಮನೆಗೆ ಬಂದಾಗ ಮೈದುನ ಕೈ ಚೆಲ್ಲಿದ. “ಗೇರ್‌ಬಾಕ್ಸೇ ಹೋಗಿದೆ ಅತ್ತಿಗೆ. ಮಾರಿಬಿಡೋಣ. ನಿಮಗ್ಯಾಕೆ ಈ ಗೋಳು?”

“ಗೋಳು ನಂದು. ನೀನು ಹತ್ತಿ ಕೂತ್ಕೋ.”

ಫೋರ್‌ವೀಲ್ ಹಾಕಿ ಅಂಗಳದಲ್ಲಿ ಮೆಲ್ಲಗೆ ಸರಿಸಲು ಹೇಳಿದೆ. ಬಗ್ಗಿ ನೋಡಿದೆ. ಮುಂದಕ್ಕೆ ಹೋಗುವ ಉದ್ದನೆಯ ಶಾಫ್ಟು ತಿರುಗುತ್ತಿತ್ತು. ಬಾಕ್ಸು ಸತ್ತಿಲ್ಲ. ಗಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಜಾಕಿನಿಂದ ಎತ್ತಿಸಿದೆ. ಚಕ್ರದ ನಡುವಿನ ಲಾಕನ್ನು ಕೈಯಿಂದ ತಿರುಗಿಸಿದೆ. ಅದು ಹಿಡಿದರೆ ಚಕ್ರದ ಜೊತೆ ಒಳಗಿನ ಶಾಫ್ಟೂ ತಿರುಗಬೇಕು. ಚಕ್ರ ತಿರುಗಿತು, ಶಾಫ್ಟು ಮಿಸುಕಲಿಲ್ಲ.

ಲಾಕಿನ ಮುಚ್ಚಳ ಬಿಚ್ಚಿದೆ. ಒಳಗೆ ಬೆರಳು ಹೋಗಲು ಜಾಗವಿಲ್ಲದಷ್ಟು ಗ್ರೀಸು.

“ಇಷ್ಟು ತುರುಕಿದ್ದು ಯಾರು?”

ಮೈದುನ ತಲೆ ತಗ್ಗಿಸಿದ. “ನಾನೇ. ಅಣ್ಣ ಇಲ್ಲ ಅಂತ ಗಾಡಿ ಹಾಳಾಗಬಾರದು ಅಂತ... ಎರಡೂ ಕಡೆ.”

“ಬಸುರಿಗೆ ಬಡಿಸಿದಂಗೆ ಬಡಿಸಿದ್ದೀಯಲ್ಲೋ! ಹಲ್ಲು ಜರುಗಕ್ಕೆ ಜಾಗ ಬೇಡ್ವಾ?”

ಅವನು ಅತ್ತೇಬಿಟ್ಟ. ಆ ದಿನದವರೆಗೂ ಅತ್ತಿರಲಿಲ್ಲ. ನಾನು ಬಟ್ಟೆಚೂರು ಕೊಟ್ಟೆ. ಅದರಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ಇಬ್ಬರೂ ಕುಳಿತು ಎರಡೂ ಲಾಕನ್ನು ಡೀಸೆಲ್‌ನಲ್ಲಿ ತೊಳೆದೆವು. ಒರೆಸಿ ಒಣಗಿಸಿ, ತೆಳ್ಳಗೆ ಗ್ರೀಸು ಸವರಿ ಕೂರಿಸಿದೆವು. ಈ ಸಲ ಚಕ್ರ ತಿರುಗಿಸಿದಾಗ ಶಾಫ್ಟೂ ತಿರುಗಿತು.

“ಈಗ್ಲೂ ಮಾರೋಣ್ವಾ?”

“ಸುಮ್ನಿರಿ ಅತ್ತಿಗೆ.”

ಮರುದಿನ ನೀರು ಮೇಲೆ ಮುಟ್ಟಿತು. ಮೇಸ್ತ್ರಿ ಬೇರೆ ಯಾರಿಗೂ ಹೇಳಲಿಲ್ಲ.

ಈಗ ದಿನಾ ಬೆಳಿಗ್ಗೆ ಡಾಂಬರು ಮುಗಿಯುವಲ್ಲಿ ಗಾಡಿ ನಿಲ್ಲಿಸುತ್ತೇನೆ. ಇಳಿದು ಬಲಗಡೆಯ ಲಾಕು ತಿರುಗಿಸುತ್ತೇನೆ. ಮುಂದಿನಿಂದ ಸುತ್ತಿ ಬಂದು ಎಡಗಡೆಯದು. ಹಿಂದೆ ಲಾರಿಯವರು ಹಾರನ್ ಹೊಡೆಯುತ್ತಾರೆ. ಹೊಡೆಯಲಿ. ಸೆರಗಿಗೆ ಕೈ ಒರೆಸಿಕೊಂಡು ಹತ್ತುತ್ತೇನೆ.