ಗುರುಗಳ ಗಾಡಿ ನಿಂತ ಬಾಗಿಲು

ಮಿತ್ರರಲ್ಲಿ ಸವಿನಯ ಅರಿಕೆ ಏನೆಂದರೆ, ಲಿಂಗೈಕ್ಯರಾದ ನಮ್ಮ ಮಠದ ಸ್ವಾಮಿಗಳ ಅಂತಿಮಯಾತ್ರೆಯು ಇಂದು ಅರಿಶಿನಕುಂಟೆಯ ನಡುದಾರಿಯಲ್ಲಿ ನಿಂತುಹೋಯಿತು. ಅವರ ಗಾಡಿಯ ಎತ್ತುಗಳು ಕುಷ್ಠರೋಗಿ ನಂಜಮ್ಮನ ಗುಡಿಸಿಲ ಮುಂದಿನಿಂದ ಕದಲಲೊಲ್ಲವು. ಮೆರವಣಿಗೆ ಸಾಗುವವರೆಗೆ ಹೊರಬರಕೂಡದೆಂದು ಆ ಮುದುಕಿಗೆ ಪಟೇಲರು ಬೆಳಿಗ್ಗೆಯೇ ತಾಕೀತು ಮಾಡಿದ್ದರು.

“ಬಾರ್‌ಕೋಲು ಬೀಸ್ಲಾ, ಮುನಿಯಾ!” ಎಂದು ಪಟೇಲರು ಗಾಡಿಯವನನ್ನು ಗದರಿದರು.

“ಹೊಡೆದ್ರೂ ಹೋಗಲ್ಲ ಗೌಡ್ರೇ. ಸ್ವಾಮ್ಗಳು ಪ್ರತಿ ಸೋಮ್ವಾರ ಇಲ್ಲೇ ಇಳಿದು ಅವಮ್ಮನ ಗಾಯ ತೊಳೀತಿದ್ರು. ಅವಮ್ಮ ಬಂದು ಕೈ ಮುಗಿದ್ಮೇಲೇ ಇವು ಹೊರಡೋದು.”

ಪಟೇಲರು ತಾವೇ ಹೋಗಿ ಬಾಗಿಲು ತಟ್ಟಿದರು. “ಬಾರಮ್ಮ, ನಿಮ್ಮ ಸ್ವಾಮ್ಗಳನ್ನ ನೋಡ್ಕೋ.”

ನಂಜಮ್ಮ ಬಂದು ಅಳುತ್ತಾ ಕೈಮುಗಿದಳು. ಗಾಡಿ ಹೊರಟಿತು.

ಮೆರವಣಿಗೆಯ ದಾರಿಯನ್ನು ನಾವು ಸಭೆ ಸೇರಿ ನಿಶ್ಚಯಿಸಿದ್ದೆವು. ಎತ್ತುಗಳನ್ನೂ ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.